ವರ್ಚುವಲ್ ತರಗತಿ: ತೆರೆಯ ಮೇಲಿನ ಪಾಠಕ್ಕೆ ವಿದ್ಯಾರ್ಥಿಯ ಮರುದನಿ ಎಲ್ಲಿ?

ಬೆಂಗಳೂರು: ಕೋವಿಡ್ ಸಾಂಕ್ರಾಮಿಕದ ನಿಮಿತ್ತ 2020ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಕಾಲೇಜುಗಳು ಬಾಗಿಲು ಮುಚ್ಚಿದಾಗ, ಪಾಠ ಪ್ರವಚನಗಳು ಕೆಲವೇ ವಾರಗಳಲ್ಲಿ ಅಂತರ್ಜಾಲಕ್ಕೆ ಸ್ಥಳಾಂತರಗೊಂಡವು. ಮಲೆನಾಡು ಹಾಗೂ ಕರಾವಳಿಯ ಒಳಪ್ರದೇಶಗಳಲ್ಲಿ ವಿದ್ಯಾರ್ಥಿಗಳು ಸಿಗ್ನಲ್ ಅರಸಿ ಗುಡ್ಡ ಏರಿದ, ಸುರಿವ ಮಳೆಯಲ್ಲಿ ಕೊಡೆ ಹಿಡಿದು ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳಿದ ಚಿತ್ರಗಳು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದವು. ಸಾಂಕ್ರಾಮಿಕ ತಗ್ಗಿತು, ತರಗತಿ ಕೊಠಡಿಗಳು ಮತ್ತೆ ತೆರೆದವು. ಆದರೆ ಆನ್‌ಲೈನ್ ಬೋಧನೆ ಮಾತ್ರ ಕಾಲೇಜಿನ ಆವರಣದಿಂದ ಹೊರಹೋಗಲಿಲ್ಲ.

ಹೊರಹೋಗುವ ಸಾಧ್ಯತೆಯೂ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ಮಾರ್ಚ್‌ನಲ್ಲಿ ಹೊರಡಿಸಿದ ನಿಯಮಾವಳಿಯು, ವಿದ್ಯಾರ್ಥಿಯೊಬ್ಬ ಒಂದು ಸೆಮಿಸ್ಟರ್‌ನ ವಿಷಯಗಳಲ್ಲಿ ಶೇಕಡಾ 40ರವರೆಗೆ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯ ಮೂಲಕ ಅಭ್ಯಸಿಸಲು ಅವಕಾಶ ನೀಡಿತು. 2016ರ ನಿಯಮಾವಳಿಯಲ್ಲಿ ಈ ಮಿತಿ ಶೇಕಡಾ 20 ಆಗಿತ್ತು. ಅದೇ 2021ರ ಮೇ ತಿಂಗಳಲ್ಲಿ ಆಯೋಗ ಪ್ರಕಟಿಸಿದ ಮಿಶ್ರ ಬೋಧನೆಯ ಪರಿಕಲ್ಪನಾ ಟಿಪ್ಪಣಿಯು, ಇತರ ವಿಷಯಗಳಲ್ಲಿಯೂ ಶೇಕಡಾ 40ರವರೆಗಿನ ಪಾಠವನ್ನು ಆನ್‌ಲೈನ್ ಮೂಲಕ ನಡೆಸಬಹುದೆಂದು ಸೂಚಿಸಿತು. ಆದ್ದರಿಂದ ಆನ್‌ಲೈನ್ ತರಗತಿ ಬೇಕೇ ಬೇಡವೇ ಎಂಬ ಚರ್ಚೆಯ ಕಾಲ ಕಳೆದಿದೆ. ಆ 40 ಭಾಗದಲ್ಲಿ ಏನನ್ನು ಇಡಬೇಕು, ಏನನ್ನು ಇಡಬಾರದು ಎಂಬುದೇ ಈಗಿನ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಗಮನಿಸಬೇಕಾದ ಅಂಶ ಒಂದಿದೆ. ದೂರದಿಂದ ಪಾಠ ತಲುಪಿಸುವ ಕೆಲಸ ದೇಶಕ್ಕೆ ಎಂದೂ ಅಷ್ಟು ಕಷ್ಟವಾಗಿರಲಿಲ್ಲ. ಕಷ್ಟವಾದದ್ದು, ಪಾಠ ಕೇಳಿದ ವಿದ್ಯಾರ್ಥಿಯ ಸಂದೇಹ ಅದೇ ದಾರಿಯಲ್ಲಿ ಹಿಂದಿರುಗಿ ಅಧ್ಯಾಪಕರನ್ನು ತಲುಪುವುದು.

ನಾಲ್ಕು ದಶಕಗಳ ಹಾದಿ

ತೆರೆಯ ಮೇಲಿನ ಕಾಲೇಜು ಪಾಠ ಕೋವಿಡ್ ಕಾಲದ ಆವಿಷ್ಕಾರವೇನೂ ಅಲ್ಲ. 1984ರ ಆಗಸ್ಟ್ 15ರಂದು ಅನುದಾನ ಆಯೋಗವು ದೂರದರ್ಶನದ ಮೂಲಕ 'ಕಂಟ್ರಿವೈಡ್ ಕ್ಲಾಸ್‌ರೂಮ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಸಣ್ಣ ಊರುಗಳ ಕಾಲೇಜು ವಿದ್ಯಾರ್ಥಿಗಳಿಗೂ ಉತ್ತಮ ಉಪನ್ಯಾಸಗಳು ದೊರೆಯಬೇಕು ಎಂಬುದು ಅದರ ಆಶಯವಾಗಿತ್ತು. ಆಶಯ ಉದಾತ್ತವಾದುದೇ. ಆದರೆ ದೂರದರ್ಶನದ ಪರದೆಯತ್ತ ಕೈ ಎತ್ತಿ ಪ್ರಶ್ನೆ ಕೇಳುವ ಮಾರ್ಗ ಇರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, 2004ರ ಸೆಪ್ಟೆಂಬರ್ 20ರಂದು, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಶ್ರೀಹರಿಕೋಟಾದಿಂದ 'ಎಜುಸ್ಯಾಟ್' ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 1950 ಕಿಲೋಗ್ರಾಂ ತೂಕದ ಇದು ಶಿಕ್ಷಣಕ್ಕಾಗಿಯೇ ಮೀಸಲಾದ ದೇಶದ ಪ್ರಥಮ ಉಪಗ್ರಹ. ಇದರ ಪ್ರಾಯೋಗಿಕ ಯೋಜನೆಗೆ ಆಯ್ಕೆಯಾದ ಸಂಸ್ಥೆಗಳಲ್ಲಿ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದಾಗಿತ್ತು ಎಂಬುದು ಗಮನಾರ್ಹ. ಎಜುಸ್ಯಾಟ್ ಜಾಲದಲ್ಲಿ ಎರಡು ಬಗೆಯ ಕೇಂದ್ರಗಳಿದ್ದವು. ಒಂದು ಬಗೆಯ ಕೇಂದ್ರದಲ್ಲಿ ವಿದ್ಯಾರ್ಥಿ ಮರಳಿ ಮಾತನಾಡಬಹುದಿತ್ತು, ಇನ್ನೊಂದರಲ್ಲಿ ಕೇವಲ ನೋಡಬಹುದಿತ್ತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಕೆಳಗಿಳಿಯಲು ಧ್ವನಿಗೆ ಕಾಲು ಸೆಕೆಂಡ್ ಬೇಕು. ಪ್ರಶ್ನೆಗೆ ಕಾಲು, ಉತ್ತರಕ್ಕೆ ಕಾಲು ಎಂದು ಅರ್ಧ ಸೆಕೆಂಡ್ ವಿಳಂಬ. ಈ ವಿಳಂಬವನ್ನು ಸಹಿಸಿಕೊಳ್ಳಬಹುದು. ಆದರೆ ಒಬ್ಬ ಅಧ್ಯಾಪಕ ಹತ್ತಾರು ಕಾಲೇಜುಗಳ ನೂರಾರು ವಿದ್ಯಾರ್ಥಿಗಳಿಗೆ ಏಕಕಾಲದಲ್ಲಿ ಪಾಠ ಹೇಳುವಾಗ, ಗಂಟೆಯೊಂದರಲ್ಲಿ ಎಷ್ಟು ಮಂದಿಯ ಪ್ರಶ್ನೆಗೆ ಉತ್ತರಿಸಲು ಸಾಧ್ಯ? ಈ ಮಿತಿಗೆ ಉಪಗ್ರಹದಲ್ಲಿ ಪರಿಹಾರವಿರಲಿಲ್ಲ. 2010ರಲ್ಲಿ ಎಜುಸ್ಯಾಟ್ ತನ್ನ ಸೇವೆಯನ್ನು ಮುಗಿಸಿತು.

ಇದಕ್ಕೆ ಸಮಾನಾಂತರವಾಗಿ ಬೆಳೆದುದು ಎನ್‌ಪಿಟಿಇಎಲ್ ಯೋಜನೆ. ಏಳು ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿ 2003ರಲ್ಲಿ ಆರಂಭಿಸಿದ ಈ ಯೋಜನೆಯು ಎಂಜಿನಿಯರಿಂಗ್ ಮತ್ತು ವಿಜ್ಞಾನ ವಿಷಯಗಳ ಉಪನ್ಯಾಸಗಳನ್ನು ಚಿತ್ರೀಕರಿಸಿ ಉಚಿತವಾಗಿ ಒದಗಿಸಿತು. ಮೊದಮೊದಲು ಇದೂ ಏಕಮುಖ ಸಂಚಾರವೇ. 2014ರಲ್ಲಿ ಪ್ರಮಾಣಪತ್ರದ ಕೋರ್ಸುಗಳು ಆರಂಭವಾದಾಗ ಸ್ಥಿತಿ ಬದಲಾಯಿತು. ವಾರಕ್ಕೊಂದು ಲಿಖಿತ ಅಭ್ಯಾಸ, ಸಂದೇಹ ಪರಿಹಾರಕ್ಕೆ ಚರ್ಚಾ ವೇದಿಕೆ, ಕೊನೆಯಲ್ಲಿ ಮೇಲ್ವಿಚಾರಕರ ಸಮ್ಮುಖದಲ್ಲಿ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ ಇವು ಸೇರಿಕೊಂಡವು. 2017ರ ಜುಲೈ 9ರಂದು ಲೋಕಾರ್ಪಣೆಗೊಂಡ 'ಸ್ವಯಂ' ಇದೇ ಮಾದರಿಯನ್ನು ಎಲ್ಲ ವಿಷಯಗಳಿಗೂ ವಿಸ್ತರಿಸಿತು. ಅದರ ಪ್ರತಿ ಕೋರ್ಸಿಗೂ ದೃಶ್ಯ ಉಪನ್ಯಾಸ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚಾ ವೇದಿಕೆ ಎಂಬ ನಾಲ್ಕು ಅಂಗಗಳಿವೆ. ನಿರ್ವಹಣಾ ಶಾಸ್ತ್ರದ ಕೋರ್ಸುಗಳ ಹೊಣೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯದ್ದು.

ಎರಡು ಬಗೆಯ ತರಗತಿ

'ವರ್ಚುವಲ್ ತರಗತಿ' ಎಂಬ ಒಂದೇ ಪದದಡಿ ಎರಡು ಭಿನ್ನ ಸಂಗತಿಗಳು ಅಡಗಿವೆ. ಮೊದಲನೆಯದು ಏಕಕಾಲಿಕ ತರಗತಿ. ಅಧ್ಯಾಪಕರೂ ವಿದ್ಯಾರ್ಥಿಗಳೂ ನಿಗದಿತ ಗಂಟೆಗೆ ಜೂಮ್, ಗೂಗಲ್ ಮೀಟ್ ಮೊದಲಾದ ತಂತ್ರಾಂಶಗಳಲ್ಲಿ ಮುಖಾಮುಖಿಯಾಗುತ್ತಾರೆ. ಎರಡನೆಯದು ಬಿಡುವಿಗೆ ತಕ್ಕ ತರಗತಿ. ಪಾಠ, ಟಿಪ್ಪಣಿ, ಪ್ರಶ್ನೆಗಳೆಲ್ಲ ಒಂದೆಡೆ ಇರುತ್ತವೆ, ವಿದ್ಯಾರ್ಥಿ ತನಗೆ ಅನುಕೂಲವಾದಾಗ ತೆರೆದು ಓದುತ್ತಾನೆ. ಕಲಿಕಾ ನಿರ್ವಹಣಾ ವ್ಯವಸ್ಥೆ ಎಂದು ಕರೆಯಲಾಗುವ ತಂತ್ರಾಂಶಗಳು ಈ ಎರಡನೆಯ ಬಗೆಗೆ ಸೇರಿದವು.

ಇವುಗಳಲ್ಲಿ ಹೆಚ್ಚು ಪ್ರಚಲಿತವಾದುದು ಮೂಡಲ್. ಆಸ್ಟ್ರೇಲಿಯಾದ ಮಾರ್ಟಿನ್ ಡುಗಿಯಾಮಸ್ ರೂಪಿಸಿದ ಈ ಮುಕ್ತ ತಂತ್ರಾಂಶದ ಮೊದಲ ಆವೃತ್ತಿ 2002ರಲ್ಲಿ ಬಿಡುಗಡೆಯಾಯಿತು. ಪರವಾನಗಿ ಶುಲ್ಕವಿಲ್ಲದೆ ಯಾವುದೇ ಕಾಲೇಜು ತನ್ನದೇ ಸರ್ವರ್‌ನಲ್ಲಿ ಇದನ್ನು ಸ್ಥಾಪಿಸಿಕೊಳ್ಳಬಹುದು. ಅಧ್ಯಾಪಕರು ಪ್ರಶ್ನೆಗಳ ಸಂಚಯವೊಂದನ್ನು ಸಿದ್ಧಪಡಿಸಿದರೆ, ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಪ್ರಶ್ನೆಗಳನ್ನು ಆಯ್ದುಕೊಟ್ಟು ಉತ್ತರಗಳ ಮೌಲ್ಯಮಾಪನವನ್ನು ಅದೇ ಮಾಡುತ್ತದೆ. ಯಾರು ಯಾವ ಪಾಠವನ್ನು ತೆರೆದಿಲ್ಲ ಎಂಬ ವಿವರವೂ ಲಭ್ಯ. ಇದರ ಮೊಬೈಲ್ ಆ್ಯಪ್‌ನಲ್ಲಿ ಸಾಮಗ್ರಿಯನ್ನು ಇಳಿಸಿಕೊಂಡು ಸಂಪರ್ಕವಿಲ್ಲದಾಗಲೂ ಓದಬಹುದು. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಇದಕ್ಕಿಂತ ಸರಳ, ಆದರೆ ಸೌಲಭ್ಯಗಳು ಕಡಿಮೆ. ರಾಜ್ಯ ಸರ್ಕಾರವೂ 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗಾಗಿ 'ಕರ್ನಾಟಕ ಎಲ್‌ಎಂಎಸ್' ವ್ಯವಸ್ಥೆಯನ್ನು ಜಾರಿಗೆ ತಂದು, ಅದೇ ವರ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸಿತು.

ಡೇಟಾದ ಲೆಕ್ಕಾಚಾರ

ಸಾಂಕ್ರಾಮಿಕದ ಕಾಲದಲ್ಲಿ ಬಹುತೇಕ ಕಾಲೇಜುಗಳು ಆಯ್ದುಕೊಂಡದ್ದು ಮೊದಲನೆಯ ಬಗೆಯನ್ನು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ವೇಳಾಪಟ್ಟಿಯನ್ನು ಇದ್ದ ಹಾಗೆಯೇ ವಿಡಿಯೋಗೆ ಎತ್ತಿಹಾಕಲಾಯಿತು. ಇದರ ಪರಿಣಾಮವನ್ನು ಸರಳ ಗಣಿತದಿಂದಲೇ ತಿಳಿಯಬಹುದು.

ವಿಡಿಯೋ ತರಗತಿಯೊಂದು ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಹರಿಯುತ್ತದೆ ಎಂದುಕೊಂಡರೆ, ಒಂದು ಗಂಟೆಗೆ 450 ಮೆಗಾಬೈಟ್ ಡೇಟಾ ಬೇಕು. ದಿನಕ್ಕೆ ಐದು ತರಗತಿಗಳೆಂದರೆ 2.25 ಗಿಗಾಬೈಟ್. ದಿನಕ್ಕೆ ಒಂದೂವರೆ ಗಿಗಾಬೈಟ್ ಮಿತಿಯ ಮೊಬೈಲ್ ಯೋಜನೆ ಇರುವ ವಿದ್ಯಾರ್ಥಿಗೆ ನಾಲ್ಕನೆಯ ತರಗತಿಯ ನಡುವೆಯೇ ಪಾಠ ನಿಂತುಹೋಗುತ್ತದೆ. ಅದೇ ಪಾಠವನ್ನು ಸೆಕೆಂಡಿಗೆ 64 ಕಿಲೋಬಿಟ್ ವೇಗದ ಧ್ವನಿಮುದ್ರಣವಾಗಿ ಕಳುಹಿಸಿದರೆ ಗಂಟೆಗೆ 29 ಮೆಗಾಬೈಟ್ ಸಾಕು. ಇನ್ನು ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚಿಸಿದ ಒಂದು ಪುಟದ ಟಿಪ್ಪಣಿಗೆ ಕೇವಲ ಐದಾರು ಕಿಲೋಬೈಟ್. ಅಂದರೆ ಒಂದು ಗಂಟೆಯ ವಿಡಿಯೋ ಬೇಡುವ ಡೇಟಾದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಟಗಳನ್ನು ಕಳುಹಿಸಬಹುದು!

ಈ ಲೆಕ್ಕ ಯಾರಿಗೆ ಮುಖ್ಯ ಎಂಬುದನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಅಂಕಿಅಂಶಗಳು ತಿಳಿಸುತ್ತವೆ. 2017-18ರಲ್ಲಿ ದೇಶದ ನಗರ ಪ್ರದೇಶದ ಕುಟುಂಬಗಳಲ್ಲಿ ಶೇಕಡಾ 42ರಷ್ಟಕ್ಕೆ ಅಂತರ್ಜಾಲ ಸೌಲಭ್ಯವಿದ್ದರೆ, ಗ್ರಾಮೀಣ ಕುಟುಂಬಗಳಲ್ಲಿ ಅದು ಶೇಕಡಾ 14.9 ಮಾತ್ರ. ಗಣಕಯಂತ್ರವಿದ್ದ ಕುಟುಂಬಗಳು ನಗರದಲ್ಲಿ ಶೇಕಡಾ 23.4, ಗ್ರಾಮಗಳಲ್ಲಿ ಶೇಕಡಾ 4.4. ಆ ಬಳಿಕ ಮೊಬೈಲ್ ಬಳಕೆ ಬಹಳ ಹೆಚ್ಚಿದೆ ನಿಜ. ಆದರೆ ಒಂದೇ ಮೊಬೈಲನ್ನು ಮೂವರು ಮಕ್ಕಳು ಹಂಚಿಕೊಳ್ಳುವ ಮನೆಯಲ್ಲಿ, ಹತ್ತು ಗಂಟೆಗೆ ಸರಿಯಾಗಿ ಹಾಜರಾಗಬೇಕೆಂಬ ನಿಯಮ ಒಬ್ಬರಿಗೆ ಹಾಜರಿಯನ್ನೂ ಉಳಿದಿಬ್ಬರಿಗೆ ಗೈರುಹಾಜರಿಯನ್ನೂ ದಯಪಾಲಿಸುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಪರ್ಯಾಸವಿದೆ. ಜೂಮ್ ತರಗತಿಯಲ್ಲಿ ತಾಂತ್ರಿಕವಾಗಿ ಪ್ರತಿ ವಿದ್ಯಾರ್ಥಿಯ ಬಳಿಯೂ ಮೈಕ್ ಇದೆ, ಕ್ಯಾಮೆರಾ ಇದೆ. ಎಜುಸ್ಯಾಟ್ ಕಾಲದಲ್ಲಿ ಕನಸಾಗಿದ್ದ ಮರುದಾರಿ ಪೂರ್ಣವಾಗಿ ತೆರೆದಿದೆ. ಆದರೂ ಡೇಟಾ ಉಳಿಸಲು ಕ್ಯಾಮೆರಾ ಬಂದ್, ಮನೆಯ ಗದ್ದಲ ಕೇಳಿಸದಿರಲು ಮೈಕ್ ಬಂದ್. ಅಧ್ಯಾಪಕರ ಎದುರು ಉಳಿದದ್ದು ಕಪ್ಪು ಚೌಕಗಳು ಮತ್ತು ಹೆಸರುಗಳು. ತಂತ್ರಜ್ಞಾನ ಬದಲಾಗಿದ್ದರೂ ಪಾಠ 1984ರಷ್ಟೇ ಏಕಮುಖವಾಗಿ ಉಳಿಯಿತು.

ಸಂಶೋಧನೆಗಳು ಹೇಳುವುದೇನು?

ಆನ್‌ಲೈನ್ ಬೋಧನೆಯಿಂದ ಕಲಿಕೆ ಹೆಚ್ಚುತ್ತದೆಯೇ, ಕುಗ್ಗುತ್ತದೆಯೇ ಎಂಬ ಬಗ್ಗೆ ವಿದೇಶಗಳಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಅಮೆರಿಕದ ಶಿಕ್ಷಣ ಇಲಾಖೆಯು 2009ರಲ್ಲಿ ಪ್ರಕಟಿಸಿದ ವರದಿಯೊಂದು ಅನೇಕ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತು. ತರಗತಿ ಕೊಠಡಿ ಮತ್ತು ಆನ್‌ಲೈನ್ ಎರಡನ್ನೂ ಬೆರೆಸಿದ ಬೋಧನೆ ಕೇವಲ ಕೊಠಡಿಯ ಪಾಠಕ್ಕಿಂತ ಉತ್ತಮ ಫಲ ನೀಡಿದೆ ಎಂದು ಅದು ಹೇಳಿತು. ಆದರೆ ಈ ಲಾಭಕ್ಕೆ ಮಾಧ್ಯಮವೇ ಕಾರಣವೆಂದು ಭಾವಿಸಬಾರದು, ಮಿಶ್ರ ತರಗತಿಗಳಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚಿನ ಸಮಯ ಮತ್ತು ಹೆಚ್ಚಿನ ಸಾಮಗ್ರಿ ಸಿಕ್ಕಿರುವುದು ಕಾರಣವಿರಬಹುದು ಎಂಬ ಎಚ್ಚರಿಕೆಯನ್ನೂ ಅದೇ ವರದಿ ನೀಡಿತ್ತು.

ಹೆಚ್ಚು ಚಿಂತೆಗೀಡುಮಾಡುವ ಅಧ್ಯಯನ 2014ರದ್ದು. ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಪೂರ್ಣ ಆನ್‌ಲೈನ್ ಕೋರ್ಸುಗಳಲ್ಲಿ ಎಲ್ಲ ವರ್ಗದ ವಿದ್ಯಾರ್ಥಿಗಳ ಸಾಧನೆಯೂ ಕುಸಿದುದನ್ನು ಕಂಡರು. ಮೊದಲೇ ಕಡಿಮೆ ಅಂಕ ಪಡೆಯುತ್ತಿದ್ದವರಲ್ಲಿ ಈ ಕುಸಿತ ಇನ್ನೂ ಹೆಚ್ಚಾಗಿತ್ತು. ಚೆನ್ನಾಗಿ ಓದುವವರು ಯಾವ ಮಾಧ್ಯಮದಲ್ಲಾದರೂ ದಡ ಸೇರುತ್ತಾರೆ. ಹಿಂದುಳಿದವರು ಇನ್ನಷ್ಟು ಹಿಂದೆ ಬೀಳುತ್ತಾರೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಬಹುಸಂಖ್ಯೆಯಲ್ಲಿರುವ ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಈ ಅಂಶವನ್ನು ಲಘುವಾಗಿ ಪರಿಗಣಿಸುವಂತಿಲ್ಲ.

ಉಪಕರಣಗಳನ್ನು ಹೇಗೆ ಬಳಸಬೇಕೆಂಬುದಕ್ಕೂ ಸುಳಿವುಗಳಿವೆ. ಎಡ್‌ಎಕ್ಸ್ ವೇದಿಕೆಯಲ್ಲಿ ವಿದ್ಯಾರ್ಥಿಗಳು 69 ಲಕ್ಷ ಬಾರಿ ವಿಡಿಯೋ ವೀಕ್ಷಿಸಿದ ದಾಖಲೆಗಳನ್ನು ವಿಶ್ಲೇಷಿಸಿದ 2014ರ ಅಧ್ಯಯನದಂತೆ, ಪಾಠ ಎಷ್ಟೇ ದೀರ್ಘವಾಗಿರಲಿ, ಸಾಮಾನ್ಯ ವೀಕ್ಷಕ ಅದರಲ್ಲಿ ತೊಡಗಿಕೊಳ್ಳುವುದು ಹೆಚ್ಚೆಂದರೆ ಆರು ನಿಮಿಷ. ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಚಿತ್ರೀಕರಿಸಿ ಏರಿಸುವುದು ವ್ಯರ್ಥ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೊಂದು ಸಂಗತಿಯನ್ನು ತೋರಿಸಿತು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿನಿಂದ ಬರೆದು ತಮ್ಮನ್ನು ಪರೀಕ್ಷಿಸಿಕೊಂಡವರಿಗೆ ಒಂದು ವಾರದ ನಂತರ ಹೆಚ್ಚು ವಿಷಯ ನೆನಪಿತ್ತು. ವಾರಕ್ಕೊಮ್ಮೆ ಐದು ಅಂಕದ ಕಿರುಪರೀಕ್ಷೆ ನಡೆಸಿ, ತಕ್ಷಣ ತಪ್ಪು ಒಪ್ಪು ತಿಳಿಸುವ ಕೆಲಸವನ್ನು ಮೂಡಲ್‌ನಂತಹ ತಂತ್ರಾಂಶ ಬೇಸರವಿಲ್ಲದೆ ಮಾಡಬಲ್ಲದು. ಅರವತ್ತು ಉತ್ತರ ಪತ್ರಿಕೆಗಳನ್ನು ವಾರವಾರವೂ ತಿದ್ದುವುದು ಅಧ್ಯಾಪಕರಿಗೆ ಅಸಾಧ್ಯ.

24 ಗಂಟೆಗಳಲ್ಲಿ ಏನಿರಬೇಕು?

ನಾಲ್ಕು ಕ್ರೆಡಿಟ್‌ಗಳ ವಿಷಯವೊಂದಕ್ಕೆ, ವಾರಕ್ಕೆ ನಾಲ್ಕು ಗಂಟೆಯಂತೆ 15 ವಾರಗಳಿಗೆ 60 ಗಂಟೆಗಳ ಪಾಠ ಎಂದಿಟ್ಟುಕೊಳ್ಳೋಣ. ಅದರ ಶೇಕಡಾ 40 ಎಂದರೆ 24 ಗಂಟೆ. ಮೇಲಿನ ಅಂಶಗಳನ್ನು ಗಮನಿಸಿದರೆ ಈ 24 ಗಂಟೆಗಳಿಗೆ ಏನು ಸೂಕ್ತ ಎಂಬುದು ಸ್ಪಷ್ಟವಾಗುತ್ತದೆ.

ಬಿ.ಕಾಂ. ತರಗತಿಯ ಲೆಕ್ಕಶಾಸ್ತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸವಕಳಿ ಎಂದರೇನು, ಅದರ ವಿಧಾನಗಳು ಯಾವುವು ಎಂಬ ಪೀಠಿಕೆಯನ್ನು ಆರು ನಿಮಿಷಗಳ ಎರಡು ತುಣುಕುಗಳಲ್ಲಿ, ಜೊತೆಗೆ ನಾಲ್ಕು ಪುಟಗಳ ಟಿಪ್ಪಣಿಯಲ್ಲಿ ಮುಂಚಿತವಾಗಿ ಕೊಡಬಹುದು. ವಿದ್ಯಾರ್ಥಿ ಅದನ್ನು ಕಾಲೇಜಿನ ವೈಫೈನಲ್ಲಿ ಇಳಿಸಿಕೊಂಡು ಹೋಗಿ ಮನೆಯಲ್ಲಿ ಓದುತ್ತಾನೆ. ರಾತ್ರಿಯೊಳಗೆ ಐದು ಪ್ರಶ್ನೆಗಳ ಕಿರುಪರೀಕ್ಷೆಗೆ ಉತ್ತರಿಸುತ್ತಾನೆ. ಮೂರನೆಯ ಪ್ರಶ್ನೆಯಲ್ಲಿ ಅರ್ಧದಷ್ಟು ತರಗತಿ ಎಡವಿದ್ದರೆ, ಮರುದಿನ ಕೊಠಡಿಯಲ್ಲಿ ಅಧ್ಯಾಪಕರು ಆ ಪ್ರಶ್ನೆಯಿಂದಲೇ ಪಾಠ ಆರಂಭಿಸುತ್ತಾರೆ. ಕಪ್ಪುಹಲಗೆಯ ಮುಂದೆ ಲೆಕ್ಕ ಬಿಡಿಸುವುದು, ತಪ್ಪು ಮಾಡಿದವನ ಪಕ್ಕದಲ್ಲಿ ನಿಂತು ತಿದ್ದುವುದು ಕೊಠಡಿಯಲ್ಲೇ ಉಳಿಯುತ್ತದೆ. ಇಲ್ಲಿ ಆನ್‌ಲೈನ್ ಭಾಗವು ವಿದ್ಯಾರ್ಥಿಯ ಸಂದೇಹವನ್ನು ಅಧ್ಯಾಪಕರಿಗೆ ಮುಂದಾಗಿ ತಲುಪಿಸುವ ಸಾಧನವಾಗುತ್ತದೆ.

ಪ್ರಯೋಗಾಲಯದ ವಿಷಯ ಬೇರೆ. ಕೇಂದ್ರ ಸರ್ಕಾರದ ಯೋಜನೆಯಡಿ ಐಐಟಿಗಳು ಮತ್ತಿತರ ಸಂಸ್ಥೆಗಳು ರೂಪಿಸಿದ 'ವರ್ಚುವಲ್ ಲ್ಯಾಬ್ಸ್'ನಲ್ಲಿ ಪ್ರಯೋಗಗಳನ್ನು ಗಣಕದ ಪರದೆಯ ಮೇಲೆ ಅನುಕರಿಸಿ ಮಾಡಬಹುದು. ನಿಜವಾದ ಪ್ರಯೋಗಕ್ಕೆ ಮುನ್ನ ಅಭ್ಯಾಸಕ್ಕೆ ಇದು ಉಪಯುಕ್ತ. ಆದರೆ ಬ್ಯುರೆಟ್ಟಿನ ತಿರುಪನ್ನು ಎಷ್ಟು ಮೆಲ್ಲಗೆ ತಿರುಗಿಸಬೇಕು ಎಂಬುದು ಕೈಗೇ ಗೊತ್ತಾಗಬೇಕು.

ಅಧ್ಯಾಪಕರ ಶ್ರಮ, ಕನ್ನಡದ ಕೊರತೆ

ಈ ಮಾದರಿಗೆ ತೊಡಕಾಗಿರುವುದು ತಂತ್ರಾಂಶದ ಬೆಲೆಯಲ್ಲ, ಅಧ್ಯಾಪಕರ ಸಮಯ. ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆ ನಿಗದಿಯಾಗಿದೆ. ಆರು ನಿಮಿಷದ ಒಂದು ಉತ್ತಮ ತುಣುಕನ್ನು ಸಿದ್ಧಪಡಿಸಲು, ಪ್ರಶ್ನೆಗಳ ಸಂಚಯ ರಚಿಸಲು, ವಿದ್ಯಾರ್ಥಿಗಳು ರಾತ್ರಿ ಬರೆದ ಸಂದೇಹಗಳಿಗೆ ಉತ್ತರಿಸಲು ತಗಲುವ ಗಂಟೆಗಳು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ರಾಜ್ಯದ ಸರ್ಕಾರಿ ಕಾಲೇಜುಗಳ ಬೋಧನೆಯ ಬಹುಪಾಲನ್ನು ಹೊತ್ತಿರುವ ಅತಿಥಿ ಉಪನ್ಯಾಸಕರ ಪಾಲಿಗಂತೂ ಇದು ಸಂಬಳವಿಲ್ಲದ ದುಡಿಮೆ. ಆನ್‌ಲೈನ್ ಭಾಗದ ಸಿದ್ಧತೆಯನ್ನು ಕಾರ್ಯಭಾರದೊಳಗೆ ಎಣಿಸದಿದ್ದರೆ, ಯಾರದೋ ಯೂಟ್ಯೂಬ್ ಕೊಂಡಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವುದೇ ಮಿಶ್ರ ಬೋಧನೆ ಎನಿಸಿಕೊಳ್ಳುತ್ತದೆ.

ಎರಡನೆಯ ತೊಡಕು ಭಾಷೆಯದು. ಅಂತರ್ಜಾಲದ ಉತ್ತಮ ಕಾಲೇಜು ಪಾಠಗಳ ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಂದ ವಿದ್ಯಾರ್ಥಿ ಅಲ್ಲಿ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಎದುರಿಸುತ್ತಾನೆ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯು ತಂತ್ರಾಂಶ ಕಲಿಕೆಯ ಕಿರುಪಾಠಗಳನ್ನು ಕನ್ನಡ ಧ್ವನಿಯಲ್ಲಿಯೂ ನೀಡಿದೆ. ಎನ್‌ಪಿಟಿಇಎಲ್ ತನ್ನ ಕೆಲವು ಕೋರ್ಸುಗಳ ಪಠ್ಯವನ್ನು ಕನ್ನಡಕ್ಕೂ ತಂದಿದೆ. ಅಗತ್ಯಕ್ಕೆ ಹೋಲಿಸಿದರೆ ಇದು ಅಲ್ಪ. ಅಧ್ಯಾಪಕರೇ ತಯಾರಿಸುವ ನಾಲ್ಕು ಪುಟಗಳ ಕನ್ನಡ ಟಿಪ್ಪಣಿಗೆ, ಐದು ನಿಮಿಷಗಳ ಕನ್ನಡ ಧ್ವನಿಗೆ ಬೆಲೆ ಬರುವುದು ಈ ಕಾರಣದಿಂದಲೇ.

ಮೂರನೆಯದಾಗಿ, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಮನೆಯಲ್ಲಿ ಬರೆದು ತರುವ ಪ್ರಬಂಧಗಳ ವಿಶ್ವಾಸಾರ್ಹತೆ ಕುಸಿದಿದೆ. ಅಂಕ ನೀಡುವ ಬರವಣಿಗೆ ಕೊಠಡಿಯಲ್ಲಿ, ಅಂಕವಿಲ್ಲದ ಅಥವಾ ಅತ್ಯಲ್ಪ ಅಂಕದ ಅಭ್ಯಾಸ ಆನ್‌ಲೈನ್‌ನಲ್ಲಿ ಎಂಬ ವಿಭಜನೆ ಈಗ ಹೆಚ್ಚು ಪ್ರಸ್ತುತ. ಐದು ಅಂಕಕ್ಕಾಗಿ ನಕಲು ಮಾಡುವ ಆಮಿಷವೂ ಕಡಿಮೆ. ಆನ್‌ಲೈನ್ ಪಾಠ ಹೇಳಿದರೂ ಅಂತಿಮ ಪರೀಕ್ಷೆಗೆ ವಿದ್ಯಾರ್ಥಿಯನ್ನು ಕೇಂದ್ರಕ್ಕೇ ಕರೆಸುವ ಎನ್‌ಪಿಟಿಇಎಲ್ ಕ್ರಮದ ಹಿಂದಿನ ವಿವೇಕ ಇದೇ.

ಎನ್‌ಪಿಟಿಇಎಲ್‌ನ ಇನ್ನೊಂದು ಕ್ರಮವೂ ಅನುಕರಣೀಯ. ಕೋರ್ಸು ಹೇಳುವವರು ಐಐಟಿಯ ಪ್ರಾಧ್ಯಾಪಕರಾದರೂ, ಸ್ಥಳೀಯ ಘಟಕವಿರುವ ಕಾಲೇಜುಗಳಲ್ಲಿ ಅಲ್ಲಿನ ಅಧ್ಯಾಪಕರೇ ಮಾರ್ಗದರ್ಶಕರಾಗಿ ವಿದ್ಯಾರ್ಥಿಗಳ ಬೆನ್ನಿಗೆ ನಿಲ್ಲುತ್ತಾರೆ. ವಾರದ ಅಭ್ಯಾಸವನ್ನು ಸಲ್ಲಿಸದ ವಿದ್ಯಾರ್ಥಿಯನ್ನು ಕಾರಿಡಾರಿನಲ್ಲಿ ತಡೆದು ಕಾರಣ ಕೇಳಬಲ್ಲವರು ಅವರೇ. ಚೆನ್ನೈನಲ್ಲೋ ಖರಗ್‌ಪುರದಲ್ಲೋ ಇರುವ ಪ್ರಾಧ್ಯಾಪಕರಿಗೆ ಅದು ಸಾಧ್ಯವಿಲ್ಲ.

ಉಪಗ್ರಹ, ಕೇಬಲ್, ಮೊಬೈಲ್ ಗೋಪುರ ಎಂದು ಪಾಠ ಸಾಗುವ ದಾರಿ ನಾಲ್ಕು ದಶಕಗಳಲ್ಲಿ ಅನೇಕ ಬಾರಿ ಬದಲಾಗಿದೆ, ಮುಂದೆಯೂ ಬದಲಾಗಲಿದೆ. ಕಾಲೇಜುಗಳು ಹೊಸ ಉಪಕರಣವೊಂದನ್ನು ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಮಾತ್ರ ಹಳೆಯದೇ. ಕೊನೆಯ ಬೆಂಚಿನಲ್ಲಿ ಕುಳಿತು ಎಂದೂ ಕೈ ಎತ್ತದ ವಿದ್ಯಾರ್ಥಿಗೆ ಪಾಠ ಅರ್ಥವಾಗಿಲ್ಲ ಎಂಬುದು ಇದರಿಂದ ಅಧ್ಯಾಪಕರಿಗೆ ಗೊತ್ತಾಗುತ್ತದೆಯೇ? ಗೊತ್ತಾದ ಮೇಲೆ ಆತನ ಬಳಿ ಹೋಗಲು ಅವರಿಗೆ ಸಮಯ ಉಳಿದಿರುತ್ತದೆಯೇ? ಈ ಎರಡಕ್ಕೂ ಉತ್ತರ ಹೌದು ಎಂದಾದರೆ ಮಾತ್ರ ಆ 24 ಗಂಟೆಗಳನ್ನು ಆನ್‌ಲೈನ್‌ಗೆ ಒಪ್ಪಿಸುವುದರಲ್ಲಿ ಅರ್ಥವಿದೆ.